ಸುಂಕದ ಕಟ್ಟೆಗೆ ಸಿಕ್ಕದ ಸರಕು

ವ್ಯಾಪಾರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮೂಟೆ, ಹೇರು, ತಕ್ಕಡಿ, ಗಾಡಿ ಮತ್ತು ಹಡಗು. ಹಳೆಯ ಕನ್ನಡ ಶಾಸನಗಳ ಪರಿಚಯವಿದ್ದವರಿಗೆ 'ಸುಂಕ', 'ಪೆರ್ಜುಂಕ' ಎಂಬ ಮಾತುಗಳು ಹೊಸವಲ್ಲ. ಎಲೆಯ ಹೇರಿಗೆ ಇಷ್ಟು, ಅಡಕೆಯ ಹೇರಿಗೆ ಇಷ್ಟು, ಮೆಣಸಿಗೆ ಇಷ್ಟು ಎಂದು ಗೊತ್ತುಮಾಡಿ, ಹಾಗೆ ಬಂದ ಆದಾಯವನ್ನು ದೇವಾಲಯದ ನಂದಾದೀವಿಗೆಗೋ ಕೆರೆಯ ದುರಸ್ತಿಗೋ ಬಿಟ್ಟುಕೊಟ್ಟ ದತ್ತಿಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ನಮ್ಮ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರ ವರ್ತಕಸಂಘವನ್ನು ಸ್ಮರಿಸುವ ಶಾಸನವೊಂದು 1088ರಷ್ಟು ಹಿಂದೆಯೇ ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ನೆಲೆನಿಂತಿತು. ಅಷ್ಟು ದೂರ ಹೋದವರು ಒಯ್ದದ್ದೂ ತಂದದ್ದೂ ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ, ತೂಕಕ್ಕೆ ಬರುವ ವಸ್ತುಗಳನ್ನು. ಸುಂಕದ ಕಟ್ಟೆಯಲ್ಲಿ ಕುಳಿತವನು ಮೂಟೆಯನ್ನು ಬಿಚ್ಚಿ ನೋಡಿ, ಇದು ಇಂಥದು, ಇದರ ಸುಂಕ ಇಷ್ಟು ಎಂದು ಹೇಳಬಲ್ಲವನಾಗಿದ್ದನು.

ಈಗ ಸುಂಕದವನ ಕಣ್ಣಿಗೆ ಬೀಳದ ಸರಕೊಂದು ಲೋಕದಲ್ಲೆಲ್ಲ ಓಡಾಡುತ್ತಿದೆ. ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತ ತರುಣಿ, ನ್ಯೂಯಾರ್ಕಿನ ಒಂದು ಬ್ಯಾಂಕಿನ ಲೆಕ್ಕಪತ್ರ ನೋಡಿಕೊಳ್ಳುವ ಕಂಪ್ಯೂಟರಿಗೆ ಬೇಕಾದ ಪ್ರೋಗ್ರಾಂ ಬರೆದು, ತಿದ್ದಿ, ಸಂಜೆಗೆ ಮನೆಗೆ ಹೊರಡುತ್ತಾಳೆ. ಅವಳು ಬುತ್ತಿಯ ಚೀಲದ ಹೊರತು ಬೇರೇನನ್ನೂ ಹೊತ್ತವಳಲ್ಲ. ಮೂಟೆ ಕಟ್ಟಲಿಲ್ಲ, ಹಡಗು ಹತ್ತಲಿಲ್ಲ. ಆದರೂ ಆ ದಿನ ಒಂದು ಸರಕು ಸಮುದ್ರವನ್ನು ದಾಟಿತು. ಅದರ ಬೆಲೆ ಡಾಲರಿನ ರೂಪದಲ್ಲಿ ನಮ್ಮ ದೇಶಕ್ಕೆ ಬಂದಿತು. ಅರ್ಥಶಾಸ್ತ್ರಜ್ಞರು ಇದನ್ನು ಸೇವೆಗಳ ಅಂತರರಾಷ್ಟ್ರೀಯ ವ್ಯಾಪಾರವೆಂದು ಕರೆಯುತ್ತಾರೆ. ಇದರ ಬೆಳವಣಿಗೆಯ ಕಥೆಯನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದು ಈ ಭಾಷಣದ ಉದ್ದೇಶ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವನು. ಕನ್ನಡ ಪಂಡಿತನಿಗೆ ಈ ಲೇವಾದೇವಿಯ ಮಾತೇಕೆ ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಕಥೆಯ ಒಳಗೇ ಇದೆ.

ಮೊದಲು ಶಬ್ದದ ವಿಚಾರ. 'ಸೇವೆ' ಎಂದರೆ ನಮ್ಮ ಬಳಕೆಯಲ್ಲಿ ದೇವರಿಗೆ ಸಲ್ಲಿಸುವುದು, ಗುರುವಿಗೆ ಸಲ್ಲಿಸುವುದು, ನಾಡಿಗೆ ಸಲ್ಲಿಸುವುದು. ಒಟ್ಟಿನಲ್ಲಿ ಬೆಲೆ ಕಟ್ಟದೆ ಮಾಡುವ ಕೆಲಸ. ಇಲ್ಲಿಯಾದರೋ ಅದೇ ಶಬ್ದಕ್ಕೆ ಬೆಲೆ ಕಟ್ಟಿ ಮಾರುವ ಕೆಲಸವೆಂಬ ಅರ್ಥ. ವೈದ್ಯನು ರೋಗವನ್ನು ನೋಡುವುದು, ವಕೀಲನು ವಾದಿಸುವುದು, ಬ್ಯಾಂಕು ಹಣವನ್ನು ಅತ್ತಿತ್ತ ಸಾಗಿಸುವುದು, ವಿಮೆಯವನು ಹೊಣೆ ಹೊರುವುದು, ಹಡಗಿನವನು ಸರಕನ್ನು ಮುಟ್ಟಿಸುವುದು, ಮೇಷ್ಟರು ಪಾಠ ಹೇಳುವುದು, ಇವೆಲ್ಲ ಈ ಅರ್ಥದಲ್ಲಿ ಸೇವೆಗಳು. ಕೊಡುವವನು ಕೊಟ್ಟದ್ದನ್ನು ಡಬ್ಬದಲ್ಲಿ ತುಂಬಿ ಇಡಲು ಬರುವುದಿಲ್ಲ. ಕೆಲಸ ನಡೆಯುವ ಗಳಿಗೆಯಲ್ಲಿಯೇ ಅದು ಸಲ್ಲಿಹೋಗುತ್ತದೆ.

ಈ ಕಾರಣದಿಂದಲೇ ಇರಬೇಕು, ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್ತನಿಗೆ ಇವುಗಳ ಮೇಲೆ ಅಷ್ಟಾಗಿ ಆದರವಿರಲಿಲ್ಲ. 1776ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅವನು ದುಡಿಮೆಯನ್ನು ಎರಡು ಬಗೆಯಾಗಿ ವಿಂಗಡಿಸಿದನು. ವಸ್ತುವೊಂದನ್ನು ಉಳಿಸಿಹೋಗುವ ದುಡಿಮೆ ಒಂದು, ಏನನ್ನೂ ಉಳಿಸದ ದುಡಿಮೆ ಇನ್ನೊಂದು. ಮನೆಯ ಆಳು, ವಕೀಲ, ವೈದ್ಯ, ಪಾದ್ರಿ, ಸಾಹಿತಿ, ನಟ, ಗಾಯಕ ಇವರೆಲ್ಲರನ್ನೂ ಅವನು ಎರಡನೆಯ ಸಾಲಿನಲ್ಲಿ ಕೂರಿಸಿದನು. ಇವರು ಬೇಡವೆಂದಾಗಲಿ, ಕೀಳೆಂದಾಗಲಿ ಅವನ ಅಭಿಪ್ರಾಯವಲ್ಲ. ಇವರ ಕೆಲಸ ಮಾಡಿದೊಡನೆ ಅಳಿದುಹೋಗುವುದರಿಂದ ದೇಶದ ಸಂಪತ್ತು ಅದರಿಂದ ಬೆಳೆಯುವುದಿಲ್ಲ ಎಂಬುದು ಅವನ ತರ್ಕ. ಅವನ ಕಾಲಕ್ಕೆ ಆ ಮಾತು ಬಹುಮಟ್ಟಿಗೆ ಒಪ್ಪುವಂಥದೇ. ಕೊಡುವವನೂ ಕೊಳ್ಳುವವನೂ ಎದುರುಬದರಾಗಿ ನಿಲ್ಲದೆ ಹೆಚ್ಚಿನ ಸೇವೆಗಳು ನಡೆಯುತ್ತಲೇ ಇರಲಿಲ್ಲ. ಲಂಡನ್ನಿನ ಕ್ಷೌರಿಕನು ಕಲ್ಕತ್ತೆಯವನ ಗಡ್ಡವನ್ನು ಹೆರೆಯಲಾರ. ಹಡಗಿನ ಬಾಡಿಗೆ, ವಿಮೆ, ಹುಂಡಿ ಎಂಬ ಕೆಲವು ಸೇವೆಗಳು ಮಾತ್ರ ದೇಶದಿಂದ ದೇಶಕ್ಕೆ ಹೋಗುತ್ತಿದ್ದವು. ಅವೂ ಸರಕಿನ ಬೆನ್ನ ಹಿಂದೆ, ಸರಕಿಗಾಗಿಯೇ ಹೋಗುತ್ತಿದ್ದವು.

ಈ ಕಟ್ಟನ್ನು ಸಡಿಲಿಸಿದ್ದು ತಂತಿ. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ತಂತಿಯು ಬಾಳಿಕೆಗೆ ಬಂದಾಗ, ಇಪ್ಪತ್ತು ಮಾತುಗಳ ಒಂದು ಸಂದೇಶಕ್ಕೆ ಇಪ್ಪತ್ತು ಪೌಂಡು ತೆರಬೇಕಾಗಿತ್ತು. ಆ ದರದಲ್ಲಿ ಮಾತನಾಡುವವರು ದೊಡ್ಡ ಸಾಹುಕಾರರೇ ಆಗಿರಬೇಕು. 1870ರಲ್ಲಿ ಸಮುದ್ರದ ತಂತಿ ಮುಂಬಯಿಯನ್ನು ಬ್ರಿಟನ್ನಿಗೆ ಜೋಡಿಸಿತು. 1956ರಲ್ಲಿ ಅಟ್ಲಾಂಟಿಕ್ಕಿನ ಮೊದಲ ಟೆಲಿಫೋನು ಕೇಬಲ್ಲು ಬಂದಾಗ ಅದರಲ್ಲಿ ಏಕಕಾಲಕ್ಕೆ ಸುಮಾರು ಮೂವತ್ತೈದು ಸಂಭಾಷಣೆಗಳಿಗೆ ಎಡೆಯಿತ್ತು. 1988ರಲ್ಲಿ ಅದೇ ಸಾಗರದಡಿ ಗಾಜಿನ ಎಳೆಯ ಮೊದಲ ಕೇಬಲ್ಲನ್ನು ಹಾಸಿದರು. ಬೆಳಕಿನ ಮಿಡಿತದಿಂದ ಮಾತನ್ನು ಸಾಗಿಸುವ ಆ ಎಳೆಯಲ್ಲಿ ಸುಮಾರು ನಲವತ್ತು ಸಾವಿರ ಸಂಭಾಷಣೆಗಳು ಒಮ್ಮೆಗೇ ಹಿಡಿಯುತ್ತಿದ್ದವು. ಮಾತು ಅಗ್ಗವಾಯಿತು. ಮಾತಿನಿಂದ, ಬರಹದಿಂದ, ಲೆಕ್ಕದಿಂದ, ಚಿತ್ರದಿಂದ ಮಾಡಬಹುದಾದ ಕೆಲಸವೆಲ್ಲವೂ ಕೆಲಸದವನನ್ನು ಅಲ್ಲಿಯೇ ಬಿಟ್ಟು ತಾನು ಮಾತ್ರ ಪ್ರಯಾಣ ಮಾಡಲು ಕಲಿಯಿತು.

ವ್ಯಾಪಾರ ಬೆಳೆದಮೇಲೆ ಕಟ್ಟಳೆ ಬರಬೇಡವೇ? 1947ರ ಗ್ಯಾಟ್ ಒಪ್ಪಂದ ವಸ್ತುಗಳಿಗೆ ಮಾತ್ರ ಸಂಬಂಧಿಸಿದ್ದು. 1986ರಲ್ಲಿ ಉರುಗ್ವೆ ದೇಶದಲ್ಲಿ ಹೊಸ ಸುತ್ತಿನ ಮಾತುಕತೆ ಪ್ರಾರಂಭವಾದಾಗ, ಶ್ರೀಮಂತ ರಾಷ್ಟ್ರಗಳು ಸೇವೆಗಳನ್ನೂ ಅದಕ್ಕೆ ಸೇರಿಸಬೇಕೆಂದು ಹಟ ಹಿಡಿದವು. ಬೇಡವೆಂದು ಮುಂದೆ ನಿಂತು ವಾದಿಸಿದ ದೇಶಗಳಲ್ಲಿ ಬ್ರೆಜಿಲ್ಲೂ ಭಾರತವೂ ಪ್ರಮುಖವಾದವು. ನಮ್ಮ ಬ್ಯಾಂಕು, ವಿಮೆ, ದೂರವಾಣಿಗಳನ್ನು ಪರದೇಶದ ಭಾರಿ ಕಂಪನಿಗಳು ನುಂಗಿಬಿಟ್ಟಾವು ಎಂಬ ಭಯ ಆಗ ಸಹಜವಾಗಿತ್ತು. ಕೊನೆಗೆ ಒಪ್ಪಂದವಾಯಿತು, 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಜನ್ಮ ತಾಳಿದಾಗ ಸೇವೆಗಳ ಒಪ್ಪಂದವೂ ಅದರೊಡನೆ ಜಾರಿಗೆ ಬಂದಿತು. ವಿಧಿಯ ವಿನೋದವನ್ನು ನೋಡಿ: ಅಂದು ಈ ವ್ಯಾಪಾರವನ್ನು ಕಂಡು ಅಂಜಿದ ಭಾರತವೇ ಇಂದು ಅದರ ಬಾಗಿಲು ಇನ್ನಷ್ಟು ತೆರೆಯಲಿ ಎಂದು ಕೇಳುತ್ತಿದೆ.

ಆ ಒಪ್ಪಂದವು ಸೇವೆ ಗಡಿ ದಾಟುವ ದಾರಿಗಳನ್ನು ನಾಲ್ಕಾಗಿ ಎಣಿಸುತ್ತದೆ. ನಾಲ್ಕಕ್ಕೂ ನಮ್ಮ ನಾಡಿನಲ್ಲಿಯೇ ಉದಾಹರಣೆಗಳು ಸಿಕ್ಕುತ್ತವೆ. ಮೊದಲನೆಯದು, ಸೇವೆ ಮಾತ್ರ ದಾಟುವುದು. ಬೆಂಗಳೂರಿನ ತರುಣಿಯ ಪ್ರೋಗ್ರಾಂ ಈ ಬಗೆಯದು. ಎರಡನೆಯದು, ಕೊಳ್ಳುವವನೇ ದಾಟಿ ಬರುವುದು. ಮಣಿಪಾಲದಲ್ಲಿ 1953ರಲ್ಲಿ ಸ್ಥಾಪಿತವಾದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಎಷ್ಟೋ ಜನ ಮಲೇಷ್ಯಾದಲ್ಲಿ ವೈದ್ಯರಾಗಿದ್ದಾರೆ. ಮೈಸೂರಿನ ಗೋಕುಲದಲ್ಲಿ ನಸುಕಿಗೇ ಎದ್ದು ಯೋಗಾಸನ ಕಲಿಯಲು ಹೊರಡುವ ಪರದೇಶದ ಸ್ತ್ರೀಪುರುಷರನ್ನು ನೋಡದ ಹಾಲಿನವನಿಲ್ಲ. ಮೂರನೆಯದು, ಕೊಡುವ ಸಂಸ್ಥೆಯೇ ಬಂದು ಇನ್ನೊಂದು ದೇಶದಲ್ಲಿ ಅಂಗಡಿ ತೆರೆಯುವುದು. ವಿದೇಶೀ ಬ್ಯಾಂಕುಗಳ ಶಾಖೆಗಳು ಇದಕ್ಕೆ ಸಾಕ್ಷಿ. ನಾಲ್ಕನೆಯದು, ಕೆಲಸ ಮಾಡುವ ಮನುಷ್ಯನೇ ಸ್ವಲ್ಪಕಾಲಕ್ಕೆಂದು ಹೊರಟುಹೋಗುವುದು. ಮಂಗಳೂರಿನಲ್ಲಿ ಕಲಿತ ದಾದಿ ಕರಾರಿನ ಮೇಲೆ ಕೊಲ್ಲಿಯ ನಾಡಿಗೆ ಹೋಗುವುದೂ, ಎಂಜಿನಿಯರು ಅಮೆರಿಕಕ್ಕೆ ಹೋಗುವುದೂ ಈ ದಾರಿಯಲ್ಲಿ.

ನಮ್ಮ ದೇಶದ ಸಾಫ್ಟ್‌ವೇರ್ ವ್ಯಾಪಾರ ಹುಟ್ಟಿದ್ದು ಈ ನಾಲ್ಕನೆಯ ದಾರಿಯಲ್ಲಿ. 1970ರ, 1980ರ ದಶಕಗಳಲ್ಲಿ ನಮ್ಮವರು ವಿಮಾನ ಹತ್ತಿ, ಗಿರಾಕಿಯ ಕಚೇರಿಯಲ್ಲಿಯೇ ಕುಳಿತು ಕೆಲಸ ಮಾಡಿ ಬರುತ್ತಿದ್ದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ತನ್ನ ತಾಯಿಮನೆಯೊಡನೆ ಸಂಪರ್ಕ ಬೆಳೆಸಿದ ಮೇಲೆ ಮೊದಲನೆಯ ದಾರಿ ತೆರೆಯಿತು. 1991ರಲ್ಲಿ ಕೇಂದ್ರ ಸರ್ಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ಸಂಸ್ಥೆಯನ್ನು ಕಟ್ಟಿ, ಚಿಕ್ಕ ಕಂಪನಿಗಳಿಗೂ ಅಂಥ ಸಂಪರ್ಕ ದೊರೆಯುವಂತೆ ಮಾಡಿತು. ಅದರ ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು. 2000ದ ಇಸವಿ ಹುಟ್ಟಿದಾಗ ಹಳೆಯ ಕಂಪ್ಯೂಟರುಗಳು ತಾರೀಖು ತಪ್ಪಿ ಮುಗ್ಗರಿಸಬಹುದೆಂಬ ಆತಂಕ ಲೋಕವನ್ನೆಲ್ಲ ಆವರಿಸಿತ್ತು. ಆ ಬೇಸರದ, ತಾಳ್ಮೆಯ ಕೆಲಸವನ್ನು ವಹಿಸಿಕೊಂಡು ಮುಗಿಸಿದ ನಮ್ಮ ಹುಡುಗರು ದೊಡ್ಡ ಗಿರಾಕಿಗಳ ನಂಬಿಕೆಯನ್ನು ಗಳಿಸಿದರು. ಕಾಣದ ಸರಕಿನ ವ್ಯಾಪಾರಕ್ಕೆ ನಂಬಿಕೆಯೇ ತಕ್ಕಡಿ. ಅಕ್ಕಿಯನ್ನಾದರೆ ಮುಷ್ಟಿಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಇನ್ನೂ ಮಾಡದ ಕೆಲಸವನ್ನು ಹೇಗೆ ಹಿಡಿದು ನೋಡುವುದು?

ಇದರ ಫಲವನ್ನು ಅರಿಯಲು 1991ನ್ನು ಮತ್ತೊಮ್ಮೆ ನೆನೆಯಬೇಕು. ಆ ವರ್ಷ ವಿದೇಶೀ ಹಣದ ಬೊಕ್ಕಸ ಬರಿದಾಗಿ, ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ಉಳಿದಿತ್ತು. ಜುಲೈ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಪರದೇಶಕ್ಕೆ ಸಾಗಿಸಿ, ಒತ್ತೆಯಿಟ್ಟು, ಸುಮಾರು 40 ಕೋಟಿ ಡಾಲರು ಸಾಲ ಎತ್ತಿತು. ಮನೆಯ ಒಡವೆಯನ್ನು ಗಿರವಿಗಿಟ್ಟು ಮಾನ ಉಳಿಸಿಕೊಂಡ ಹಾಗೆ. 1990-91ರಲ್ಲಿ ನಮ್ಮ ಸೇವೆಗಳ ರಫ್ತು ಸುಮಾರು 450 ಕೋಟಿ ಡಾಲರು, ವಸ್ತುಗಳ ರಫ್ತು ಸುಮಾರು 1,800 ಕೋಟಿ ಡಾಲರು. 2024-25ರಲ್ಲಿ ವಸ್ತುಗಳ ರಫ್ತು ಸುಮಾರು 43,700 ಕೋಟಿ ಡಾಲರಿಗೆ ಏರಿದರೆ, ಸೇವೆಗಳದು ಸುಮಾರು 38,700 ಕೋಟಿ ಡಾಲರಿಗೆ ಮುಟ್ಟಿತು. ಒಂದಕ್ಕೆ ನಾಲ್ಕರಂತೆ ಹಿಂದೆ ಇದ್ದದ್ದು ಹೆಗಲೆಣೆಗೆ ಬಂದು ನಿಂತಿದೆ. ಸೇವೆಗಳ ಆ ರಫ್ತಿನಲ್ಲಿ ಹೆಚ್ಚುಕಡಮೆ ಅರ್ಧ ಕಂಪ್ಯೂಟರಿಗೆ ಸಂಬಂಧಿಸಿದ್ದು; ಸಾಫ್ಟ್‌ವೇರ್ ರಫ್ತಿನಲ್ಲಿ ರಾಜ್ಯಗಳ ಪೈಕಿ ಕರ್ನಾಟಕದ್ದೇ ಮೊದಲ ಸ್ಥಾನ.

ವಸ್ತುಗಳ ವ್ಯಾಪಾರದಲ್ಲಿ ನಾವು ಮಾರುವುದಕ್ಕಿಂತ ಕೊಳ್ಳುವುದೇ ಹೆಚ್ಚು. ಕಲ್ಲೆಣ್ಣೆ, ಚಿನ್ನ, ಯಂತ್ರ ಇವುಗಳಿಂದ ವರ್ಷವರ್ಷವೂ ಕೊರತೆ ಬೀಳುತ್ತದೆ. 2024-25ರಲ್ಲಿ ಆ ಕೊರತೆಯ ಸರಿಸುಮಾರು ಮೂರರಲ್ಲಿ ಎರಡು ಪಾಲನ್ನು ಸೇವೆಗಳಲ್ಲಿ ದೊರೆತ ಮಿಗತೆಯೇ ತುಂಬಿಕೊಟ್ಟಿತು. ಹಳ್ಳಿಯ ರೈತನ ಪಂಪಿಗೆ, ಟ್ರಾಕ್ಟರಿಗೆ ಹಾಕುವ ಡೀಸೆಲ್ಲಿನ ಬೆಲೆಯನ್ನು ಅವನು ಎಂದೂ ಕಾಣದ ಕಚೇರಿಯ ದುಡಿಮೆ ಹೀಗೆ ಬೆನ್ನ ಹಿಂದಿನಿಂದ ತೀರಿಸುತ್ತಿದೆ ಎಂದರೆ ಅತಿಶಯೋಕ್ತಿಯಲ್ಲ. ಆಡಂ ಸ್ಮಿತ್ತನು ಇದನ್ನು ಕಂಡಿದ್ದರೆ ತನ್ನ ಎರಡು ಸಾಲುಗಳನ್ನು ಮತ್ತೆ ನೋಡಿಕೊಳ್ಳುತ್ತಿದ್ದನೋ ಏನೋ.

ಈ ಸಂಪತ್ತು ಎಲ್ಲಿಂದ ಬಂದಿತು? ಬೆಂಗಳೂರಿಗೆ ಬಂದರಿಲ್ಲ, ಮಹಾನದಿಯಿಲ್ಲ, ಕಲ್ಲಿದ್ದಲಿನ ಗಣಿಯಿಲ್ಲ. ಹವೆ ಹಿತವೆಂಬುದೊಂದೇ ಕಾರಣವಾಗಲಾರದು. ಹಿತವಾದ ಹವೆಯ ಊರುಗಳು ಇನ್ನೂ ಎಷ್ಟೋ ಇವೆ. ಇಲ್ಲಿ 1909ರಲ್ಲಿ ವಿಜ್ಞಾನ ಮಂದಿರ ಸ್ಥಾಪಿತವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಎಂಜಿನಿಯರಿಂಗ್ ಕಾಲೇಜು ಬಂದಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನು ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದವು. ಆ ಕಾಲೇಜನ್ನು ಕಟ್ಟಿದವರಾರೂ ಇಲ್ಲಿಯ ಹುಡುಗರು ಒಂದು ದಿನ ನ್ಯೂಯಾರ್ಕಿನ ಬ್ಯಾಂಕಿಗೆ ಕೆಲಸ ಮಾಡಿಕೊಟ್ಟಾರು ಎಂದು ಲೆಕ್ಕ ಹಾಕಿದವರಲ್ಲ. ವಿದ್ಯೆಯ ಬಿತ್ತನೆ ಹಾಗೆಯೇ. ಬಿತ್ತಿದವನು ಒಬ್ಬ, ಕೊಯ್ದವನು ಮೂರನೆಯ ತಲೆಯವನು. ವಿದ್ಯೆಯನ್ನು ಕಳ್ಳರು ಕದಿಯಲಾರರು, ಅದು ಹೊರೆಯಾಗದು, ಕೊಟ್ಟಷ್ಟೂ ಬೆಳೆಯುವುದು ಎಂದು ನಮ್ಮ ಸುಭಾಷಿತಕಾರರು ಸಾರಿದರು. ಮೆಣಸು ಮಾರಿದವನ ಉಗ್ರಾಣ ಬರಿದಾಗುತ್ತದೆ. ವಿದ್ಯೆಯನ್ನು ಮಾರಿದವನು ಮಾರಿಯೂ ಉಳಿಸಿಕೊಂಡಿರುತ್ತಾನೆ.

ಇಷ್ಟೆಲ್ಲ ಹೊಗಳಿದಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸರಕಿಗೆ ಸುಂಕದ ಕಟ್ಟೆ ಇಲ್ಲವಾದರೂ ಮನುಷ್ಯನಿಗೆ ಇದೆ. ಅದರ ಹೆಸರು ವೀಸಾ. ಅಮೆರಿಕಕ್ಕೆ ಹೋಗುವ ತಜ್ಞರಿಗೆಂದು 1990ರ ಕಾಯಿದೆಯಲ್ಲಿ ಏರ್ಪಟ್ಟ ಎಚ್-1ಬಿ ವೀಸಾಕ್ಕೆ ಸಂಖ್ಯೆಯ ಮಿತಿಯಿದೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಅಧ್ಯಕ್ಷರು ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರು ಶುಲ್ಕವನ್ನು ಘೋಷಿಸಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ಗಾದೆ ಹಿಂದೆಯೇ ಹೇಳಿದೆ. ಇನ್ನು, ಜನ ಓಡಾಡುವುದು ನಿಂತರೆ ಸೇವೆಗಳೂ ನಿಲ್ಲುತ್ತವೆ. 2020ರ ಕೋವಿಡ್ ಪಿಡುಗಿನಲ್ಲಿ ಪ್ರವಾಸವೂ ವಿಮಾನಯಾನವೂ ಸ್ತಬ್ಧವಾಗಿ, ಲೋಕದ ಸೇವೆಗಳ ವ್ಯಾಪಾರ ಸುಮಾರು ಐದರಲ್ಲೊಂದು ಪಾಲು ಕುಸಿಯಿತು. ಅದೇ ವರ್ಷ ಕಂಪ್ಯೂಟರ್ ಸೇವೆಗಳು ಮಾತ್ರ ಬೆಳೆದವು.

ಅದಕ್ಕಿಂತಲೂ ಚಿಂತೆಯ ವಿಷಯ, ಈ ಪಂಕ್ತಿಯಲ್ಲಿ ಎಲೆ ದೊರೆತವರು ಎಷ್ಟು ಮಂದಿ ಎಂಬುದು. ದೇಶದಲ್ಲೆಲ್ಲ ಈ ಉದ್ಯಮದಲ್ಲಿ ನೇರವಾಗಿ ದುಡಿಯುವವರು ಐವತ್ತು ಲಕ್ಷಕ್ಕೆ ಮೇಲೆ. ದುಡಿಯುವ ಜನರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಇನ್ನೂ ಬೇಸಾಯವೇ ಗತಿ. ಒಂದೇ ನಗರ ಬೆಳೆಯುತ್ತದೆ, ಅದರ ಕೆರೆಗಳು ಸಾಲದಾಗುತ್ತವೆ. ಇತ್ತ ರಾಯಚೂರಿನ, ಚಾಮರಾಜನಗರದ ಹುಡುಗ ದೂರದಿಂದ ನೋಡುತ್ತಾನೆ. "ಸಾರ್, ಕನ್ನಡದಲ್ಲಿ ಓದಿದವರಿಗೆ ಅಲ್ಲಿ ಜಾಗ ಇದೆಯೇ?" ಎಂದು ನನ್ನ ತರಗತಿಯಲ್ಲಿ ಪ್ರತಿವರ್ಷವೂ ಒಬ್ಬನಾದರೂ ಕೇಳುತ್ತಾನೆ. ಪಂಡಿತನಿಗೆ ಈ ಲೇವಾದೇವಿಯ ಮಾತು ಬೇಕಾದದ್ದು ಈ ಪ್ರಶ್ನೆಗಾಗಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಬೇಸಾಯಗಾರರ ಮಗ, ಹತ್ತನೆಯ ತರಗತಿಯವರೆಗೂ ಕನ್ನಡದಲ್ಲಿಯೇ ಓದಿದವನು. ಪದವಿಯಾದ ಮೇಲೆ ಅಮೆರಿಕದ ವೈದ್ಯರು ರೋಗಿಯ ವಿಚಾರವಾಗಿ ಹೇಳಿದ್ದನ್ನು ಕಿವಿಗೊಟ್ಟು ಕೇಳಿ ಟೈಪು ಮಾಡುವ ಕೆಲಸಕ್ಕೆ ಸೇರಿದ. ನಮ್ಮ ರಾತ್ರಿ ಅವನ ಹಗಲಾಯಿತು. ತಂಗಿಯ ಮದುವೆ ಮಾಡಿದ, ಮನೆಗೆ ಹೆಂಚಿನ ಬದಲು ತಾರಸಿ ಹಾಕಿಸಿದ. ಕೆಲವು ವರ್ಷಗಳಲ್ಲಿ ಮಾತನ್ನು ಕೇಳಿ ತಾನೇ ಬರೆಯುವ ಯಂತ್ರ ಬಂದಿತು. ಜೊತೆಯ ಹಲವರು ಕೆಲಸ ಕಳೆದುಕೊಂಡರು. ಇವನು ಉಳಿದ, ಯಂತ್ರ ಬರೆದದ್ದನ್ನು ಓದಿ, ಎಲ್ಲಿ ಅರ್ಥ ಕೆಟ್ಟಿದೆ ಎಂದು ಹಿಡಿಯುವ ಕೆಲಸ ಅವನ ಪಾಲಿಗೆ ಬಂದಿತು. "ಸಾರ್, ನೀವು ಸಾರಾಂಶ ಬರೆಸುತ್ತಿದ್ದಿರಲ್ಲ, ಈಗಲೂ ಅದೇ ಮಾಡುತ್ತಿದ್ದೇನೆ" ಎಂದು ಅವನು ನಕ್ಕ. ನನಗೆ ಅದು ನಗೆಯ ಮಾತಾಗಿ ತೋರಲಿಲ್ಲ.

2022ರ ಕೊನೆಯಿಂದೀಚೆಗೆ, ಕೇಳಿದ ಪ್ರಶ್ನೆಗೆ ಉತ್ತರ ಹೆಣೆಯುವ, ಹೇಳಿದಂತೆ ಪ್ರೋಗ್ರಾಂ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಎಲ್ಲರ ಕೈಗೂ ಎಟುಕಿವೆ. ತಂತಿಯ ಮೇಲೆ ಬಂದ ಕೆಲಸ ತಂತಿಯ ಮೇಲೆಯೇ ಹೊರಟುಹೋಗಬಲ್ಲದು. ಹೇಳಿದ್ದನ್ನು ಹೇಳಿದಂತೆ ಮಾಡುವುದಷ್ಟೇ ಬಲ್ಲವನಿಗೆ ಇನ್ನು ಕಷ್ಟದ ಕಾಲ. ಗಿರಾಕಿ ಹೇಳಿದ್ದರಲ್ಲಿ ಹೇಳದೆ ಬಿಟ್ಟದ್ದು ಯಾವುದು, ಅವನಿಗೆ ನಿಜವಾಗಿ ಬೇಕಾದದ್ದೇನು, ಯಂತ್ರ ಕೊಟ್ಟ ಉತ್ತರ ಎಲ್ಲಿ ಹಾದಿ ತಪ್ಪಿದೆ ಎಂದು ತಿಳಿಯಬಲ್ಲವನಿಗೆ ಮಾತ್ರ ಬೆಲೆ ಉಳಿದೀತು.

ಈ ಶಕ್ತಿ ಎಲ್ಲಿ ಬೆಳೆಯುತ್ತದೆ? ನನ್ನ ಅನುಭವದಲ್ಲಿ, ಮೊದಲು ತಾಯಿನುಡಿಯಲ್ಲಿ. ಒಂದು ಪುಟವನ್ನು ಓದಿ ಅದರ ತಿರುಳನ್ನು ಐದು ವಾಕ್ಯಗಳಲ್ಲಿ ಹೇಳುವುದು, ಗಾದೆಯೊಂದನ್ನು ಬಿಡಿಸಿ ವಿಸ್ತರಿಸುವುದು, ಅಪರಿಚಿತನಿಗೆ ಸ್ಪಷ್ಟವಾಗಿ ಒಂದು ಪತ್ರ ಬರೆಯುವುದು, ತಿಳಿಯದಿದ್ದಾಗ ನಾಚದೆ ಪ್ರಶ್ನೆ ಕೇಳುವುದು, ಇವನ್ನು ಕನ್ನಡದಲ್ಲಿ ಕಲಿತವನು ಇಂಗ್ಲಿಷಿಗೂ ಒಯ್ಯುತ್ತಾನೆ. ಕನ್ನಡದಲ್ಲಿ ಕಲಿಯದವನು ಇಂಗ್ಲಿಷಿನಲ್ಲಿ ಉರುಹೊಡೆಯುತ್ತಾನೆ, ಅಷ್ಟೆ. ಇಂಗ್ಲಿಷು ಬೇಡವೆಂದು ನಾನು ಹೇಳುತ್ತಿಲ್ಲ. ಈ ವ್ಯಾಪಾರದ ಬಾಗಿಲಿಗೆ ಅದೇ ಬೀಗದ ಕೈ. ಅದನ್ನು ಹಳ್ಳಿಯ ಶಾಲೆಯಲ್ಲಿಯೂ ಚೆನ್ನಾಗಿ, ಬಲ್ಲವರಿಂದ, ಒಂದು ಭಾಷೆಯಾಗಿ ಕಲಿಸಲೇಬೇಕು. ಆದರೆ ಬೀಗದ ಕೈ ದೊರೆತಮೇಲೆ ಮನೆಯೊಳಗೆ ಇಡಲು ಏನಾದರೂ ಇರಬೇಕಲ್ಲವೇ?

ವಾಚಕರಲ್ಲಿ ತಾಯಿತಂದೆಗಳು ಅನೇಕರಿದ್ದೀರಿ. ಮಗು ಶಾಲೆಯಿಂದ ಬಂದಾಗ ಎಷ್ಟು ಅಂಕ ಬಂತೆಂದು ಕೇಳುವುದರ ಜೊತೆಗೆ, ಇಂದು ಓದಿದ್ದರಲ್ಲಿ ನಿನಗೆ ತಿಳಿದದ್ದೇನು, ನಿನ್ನ ಮಾತಿನಲ್ಲಿ ಹೇಳು ಎಂದು ಕೇಳಿ. ಮಗು ತಡವರಿಸಿದರೆ ಅವಸರ ಮಾಡದೆ ಕಾದು ಕೇಳಿ. ಇದಕ್ಕೆ ಖರ್ಚಿಲ್ಲ, ವೀಸಾ ಬೇಡ. ರಾಯಚೂರಿನಲ್ಲಿಯೂ ಮಾಡಬಹುದು, ಬೆಂಗಳೂರಿನಲ್ಲಿಯೂ ಮಾಡಬಹುದು. ದೇಶದ ಕಾಣದ ಸರಕು ತಯಾರಾಗುವುದು ಕಚೇರಿಗಳಲ್ಲಿ ಎಂದು ನಾವು ತಿಳಿದಿದ್ದೇವೆ. ಅದರ ಹತ್ತಿ ಬಿಡಿಸುವುದು, ನೂಲು ತೆಗೆಯುವುದು ಇಲ್ಲಿಯೇ, ಅಡುಗೆಮನೆಯ ಹೊಸ್ತಿಲಲ್ಲಿ ಮತ್ತು ಹಳ್ಳಿಯ ಶಾಲೆಯ ಜಗುಲಿಯಲ್ಲಿ.